ಉಪ್ಪುನೀರಿನ ಜಿಡ್ಡು

ಆ ಮನೆಯ ನಡುಕೋಣೆಯ ಗೋಡೆಯ ಮೇಲೆ ಬೆಳಕು ಸದಾ ಅಲುಗಾಡುತ್ತಿತ್ತು. ಎದುರಿಗೆ ಮೀನಿನ ಗಾಜಿನ ತೊಟ್ಟಿ. ಅದರ ದೀಪದ ಬೆಳಕು ನೀರನ್ನು ಹಾದು ಬಂದು ಸುಣ್ಣದ ಗೋಡೆಯ ಮೇಲೆ ನೀಲಿ ಬಲೆ ಬೀಸಿದ ಹಾಗೆ ಬೀಳುತ್ತಿತ್ತು. ಮದುವೆಯಾಗಿ ಅಲ್ಲಿಗೆ ಹೋದ ಮೊದಲ ದಿನವೇ ನನಗೆ ಅದರಿಂದ ತಲೆನೋವು ಬಂತು. ಊಟಕ್ಕೆ ಕೂತರೂ ಪೇಪರು ಹಿಡಿದರೂ ಕಣ್ಣಂಚಿನಲ್ಲಿ ಏನೋ ಮಿಸುಕುತ್ತಲೇ ಇರುತ್ತಿತ್ತು.

ತೊಟ್ಟಿ ದಿವಾಕರನದು. ದಿವಾಕರ ನನ್ನ ಹೆಂಡತಿ ವಾರಿಜಳ ಮೊದಲ ಗಂಡ. ಅವನು ತೀರಿಕೊಂಡ ನಾಲ್ಕು ವರ್ಷಕ್ಕೆ ನಾನು ಅವಳನ್ನು ಮದುವೆಯಾದೆ. ನನಗೂ ನಲವತ್ತು ದಾಟಿತ್ತು. ಒಂದು ಮೋಟರ್ ವೈಂಡಿಂಗ್ ಅಂಗಡಿ, ಅದರ ಹಿಂದೆ ಮಲಗಲು ಒಂದು ಕೋಣೆ, ಅಷ್ಟೇ ನನ್ನ ಸಂಸಾರವಾಗಿತ್ತು. ವಾರಿಜ ಹಾಕಿದ್ದು ಒಂದೇ ಷರತ್ತು. "ಅತ್ತೆ ನನ್ನ ಜೊತೇಲೇ ಇರ್ತಾರೆ. ಅವ್ರಿಗೆ ಬೇರೆ ಯಾರೂ ಇಲ್ಲ." ನಾನು ಒಪ್ಪಿದೆ. ಹೀಗೆ ಸತ್ತವನ ತಾಯಿ ಭವಾನಮ್ಮ, ಅವನ ಹೆಂಡತಿ, ಅವನು ಸಾಕಿದ ಎರಡು ಸಮುದ್ರದ ಮೀನು, ಇವರೆಲ್ಲರ ನಡುವೆ ನಾನು ಹೋಗಿ ಸೇರಿಕೊಂಡೆ.

ಎರಡು ವರ್ಷ ಕಳೆದರೂ ಭವಾನಮ್ಮ ನನ್ನನ್ನು "ಮೋಟರಿನವರೇ" ಎಂದೇ ಕರೆಯುತ್ತಿದ್ದರು. ಕೆಟ್ಟ ಮಾತು ಆಡಿದವರಲ್ಲ. ಆದರೆ ಮೊಳೆ ಹೊಡೆದರೆ, ದಿವಾಕರ ಇನ್ನೊಂದು ಕಡೆ ಹೊಡೆಯುತ್ತಿದ್ದ ಎನ್ನುವರು. ಹಾಲು ತಂದರೆ, ದಿವಾಕರ ಇನ್ನೂ ಬೇಗ ತರುತ್ತಿದ್ದ ಎನ್ನುವರು. ನಾನು ಮೊದಲೇ ಮುಂಗೋಪಿ. ದಿನಾ ಜಗಳವಾಡಿ ಜಗಳವಾಡಿ ಕೊನೆಗೆ ಬಾಯಿ ತೆರೆಯುವುದಕ್ಕೂ ಬೇಜಾರಾಗಿ ಹೋಗಿತ್ತು. ಸತ್ತವನ ಜೊತೆ ಯಾರು ಎಷ್ಟು ದಿನ ಪೈಪೋಟಿ ಮಾಡಬಲ್ಲರು?

ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಅವರು ಕೂಗಿದರು. "ಮೋಟರಿನವರೇ, ಗೋಡೆ ನಿಂತೋಯ್ತು ನೋಡಿ."

ಬೆಳಕು ಗೋಡೆಗೆ ಮೆತ್ತಿದ ಹಾಗೆ ನಿಂತಿತ್ತು. ತೊಟ್ಟಿಯ ಕೆಳಗಿನ ಕಪಾಟು ತೆಗೆದು ನೋಡಿದೆ. ಅದರೊಳಗೆ ದಿವಾಕರ ಕೈಯಾರೆ ಮಾಡಿದ ಇನ್ನೊಂದು ಸಣ್ಣ ಗಾಜಿನ ತೊಟ್ಟಿ. ಮೇಲಿನ ನೀರು ಅದಕ್ಕಿಳಿದು, ಸ್ಪಂಜು ಮತ್ತು ಹವಳದ ಚೂರುಗಳನ್ನು ಹಾದು ಶುದ್ಧವಾಗುತ್ತಿತ್ತು. ಆಮೇಲೆ ಪಂಪು ಅದನ್ನು ಮತ್ತೆ ಮೇಲಕ್ಕೆ ತಳ್ಳುತ್ತಿತ್ತು. ಆ ಪಂಪು ಸುಟ್ಟುಹೋಗಿತ್ತು. ಬಿಚ್ಚಿ ನೋಡಿದರೆ ಒಳಗಿನ ತಂತಿಯನ್ನೆಲ್ಲ ಕಲ್ಲಿನಂಥ ಅಂಟಿನಲ್ಲಿ ಎರಕ ಹೊಯ್ದಿದ್ದರು. ಹೊಸ ತಂತಿ ಸುತ್ತುವುದಕ್ಕೆ ಜಾಗವೇ ಇರಲಿಲ್ಲ.

"ಊರಿಗೆಲ್ಲ ಮೋಟರ್ ಸುತ್ತಿಕೊಡ್ತೀರಿ, ಮನೇದು ಆಗಲ್ವೇ?" ಎಂದರು ಭವಾನಮ್ಮ.

ನಾನು ಸ್ಕ್ರೂಡ್ರೈವರನ್ನು ಮೂಲೆಗೆ ಎಸೆದೆ. "ಇದು ಎಸೆಯೋ ಪಂಪು ಅಮ್ಮ, ರಿಪೇರಿ ಪಂಪಲ್ಲ."

"ಅದನ್ನ ಮೆತ್ತಗೆ ಹೇಳಿದ್ರೂ ನಂಗೆ ಕೇಳ್ಸುತ್ತೆ," ಎಂದು ಅವರು ಒಂದು ಚೊಂಬು ತಂದು ತೊಟ್ಟಿಯ ನೀರನ್ನು ಮೊಗೆದು ಎತ್ತರದಿಂದ ಸುರಿಯತೊಡಗಿದರು. ಹಾಗೆ ಸುರಿದರೆ ನೀರಿಗೆ ಗಾಳಿ ಸೇರಿ ಮೀನಿಗೆ ಉಸಿರಾಟಕ್ಕೆ ಸಿಗುತ್ತದಂತೆ.

ಮೀನಿನ ಅಂಗಡಿಯ ನಝೀರ್ ಸಾಹೇಬರು ಸುಟ್ಟ ಪಂಪನ್ನು ನೋಡಿದ ಕೂಡಲೇ ಗುರುತು ಹಿಡಿದರು. "ಇದು ದಿವಾಕರಣ್ಣನ ಪಂಪು. ಹೊಸ ಪಂಪ್ ಒಂದು ಹಾಕಿ, ಸಾಕು. ಕೆಳಗಿನ ತೊಟ್ಟಿ ಅವ್ರು ಭಾಳ ಅಚ್ಚುಕಟ್ಟಾಗಿ ಮಾಡವ್ರೆ."

ಅಲ್ಲಿಗೇ ಮುಗಿಸಬಹುದಿತ್ತು. ಆದರೆ ಅಂಗಡಿಯಲ್ಲೂ ಅವನ ಹೊಗಳಿಕೆ ಕೇಳಿ ನನ್ನ ನೆತ್ತಿ ಬಿಸಿಯಾಯಿತು.

"ಅದು ಹಳೇದಾಯ್ತು. ಪೂರ್ತಿ ಹೊಸ ಫಿಲ್ಟರ್ ತೋರ್ಸಿ," ಎಂದೆ.

ಅವರು ನಿಧಾನವಾಗಿ ಒಂದೊಂದೇ ಇಳಿಸಿದರು. ಒಂದು ತೊಟ್ಟಿಯ ಹಿಂಬದಿಗೆ ನೇತುಹಾಕುವಂಥದ್ದು. ನಿಮ್ಮ ತೊಟ್ಟಿಗೆ ಸಾಲದು ಎಂದರು. ಒಂದು ನೊರೆ ಎಬ್ಬಿಸಿ ಕಲ್ಮಶ ತೆಗೆಯುವ ಯಂತ್ರ. ಒಳ್ಳೆಯದೇ, ಆದರೆ ಅದೊಂದರಿಂದಲೇ ಆಗುವುದಿಲ್ಲ ಎಂದರು. ಕೊನೆಯದು ಕ್ಯಾನಿಸ್ಟರ್. ಬಿಂದಿಗೆ ಗಾತ್ರದ ಮುಚ್ಚಿದ ಕರಿ ಡಬ್ಬಿ, ಒಳಗೇ ಮೋಟರು.

"ಸದ್ದಿಲ್ಲ. ಆದ್ರೆ ಉಪ್ಪುನೀರಿಗೆ ಆಗಾಗ ಬಿಚ್ಚಬೇಕಾಗ್ತದೆ. ನಾನಾದ್ರೆ ಹಳೇದನ್ನೇ ಇಟ್ಕೋತಿದ್ದೆ."

"ಬಿಚ್ಚೋದೇ ನನ್ನ ಕಸುಬು. ಕಟ್ಟಿ ಕೊಡಿ."

"ಕೊಡ್ತೀನಿ, ರೇಗಬೇಡಿ. ಒಂದು ಮಾತು ಮಾತ್ರ ಕಿವೀಲಿಟ್ಕೊಳಿ. ಹಳೇ ಸ್ಪಂಜು, ಹವಳದ ಚೂರು ಇದರೊಳಗೆ ಹಾಗೇ ಹಾಕಿ. ತೊಳೀಬೇಡಿ. ಆ ಜಿಡ್ಡಲ್ಲಿ ಕಣ್ಣಿಗೆ ಕಾಣದ ಜೀವ ಅದೆ. ಮೀನಿನ ಹೊಲಸು ತಿನ್ನೋದು ಅದೇ. ಅದು ಹೋದ್ರೆ ಮೀನು ತನ್ನ ಹೊಲಸಲ್ಲೇ ವಿಷ ಕುಡೀತದೆ."

ಮನೆಗೆ ಬಂದಾಗ ಭವಾನಮ್ಮ ಇನ್ನೂ ನೀರು ಸುರಿಯುತ್ತಿದ್ದರು. ಚೊಂಬು ಎಡಗೈಗೆ ಬಂದಿತ್ತು. ಇನ್ನು ನಾನು ನೋಡಿಕೊಳ್ಳುತ್ತೇನೆ, ಮಲಗಿ ಎಂದೆ. ಹೋದವರು ಸುಸ್ತಿಗೆ ನಿದ್ದೆ ಹೋದರು. ವಾರಿಜ ಕೆಲಸಕ್ಕೆ ಹೋಗಿದ್ದಳು. ನಾನೊಬ್ಬನೇ ಕಪಾಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಸ್ಪಂಜು ಹೊರತೆಗೆದೆ. ಕಂದು ಬಣ್ಣ, ಕೈಗೆ ಲೋಳೆಲೋಳೆ, ಕೆಸರಿನ ಜೊತೆ ಉಪ್ಪು ಬೆರೆತ ವಾಸನೆ. ಅದನ್ನು ಬೀದಿಯ ಕಸದ ತೊಟ್ಟಿಗೆ ಹಾಕಿ ಬಂದೆ. ಹವಳದ ಚೂರುಗಳನ್ನು ಹಿತ್ತಲ ಕಲ್ಲಿನ ಮೇಲೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ, ಮತ್ತೆ ಮತ್ತೆ ಜಾಲಿಸಿ, ಬಿಳುಪು ಬರುವವರೆಗೆ ಬಿಡಲಿಲ್ಲ. ಸಾಹೇಬರ ಮಾತು ಮರೆತಿರಲಿಲ್ಲ. ವಾಸನೆಗೆ ಹೇಸಿ ತೊಳೆದೆ ಎಂದರೆ ಸುಳ್ಳಾಗುತ್ತದೆ. ಅದು ಅವನ ಜಿಡ್ಡು, ಅದಕ್ಕೇ ತೊಳೆದೆ.

ಮಧ್ಯಾಹ್ನ ಗೋಡೆಯ ಬೆಳಕು ಮತ್ತೆ ಅಲುಗಾಡಿತು. ಅದನ್ನು ಅಲುಗಾಡಿಸುತ್ತಿದ್ದುದು ಈಗ ನಾನು ತಂದ ಮೋಟರು. ಅವತ್ತು ನನಗೆ ತಲೆನೋವು ಬರಲಿಲ್ಲ. ಭವಾನಮ್ಮ ಎದ್ದು ಬಂದು ತೊಟ್ಟಿ ನೋಡಿದರು, ಹಿತ್ತಲಿಗೆ ಹೋಗಿ ಬಂದರು, "ಆಯ್ತಾ" ಎಂದರು.

ನಾಲ್ಕನೆಯ ದಿನ ಎರಡೂ ಮೀನು ಮೇಲಕ್ಕೆ ಬಂದು ಬಾಯಿ ಬಿಡತೊಡಗಿದವು. ನಾನು ಸೀಸೆಯಲ್ಲಿ ಒಯ್ದ ನೀರಿಗೆ ನಝೀರ್ ಸಾಹೇಬರು ಎರಡು ಹನಿ ಮದ್ದು ಬಿಟ್ಟರು. ನೀರು ಕಡು ಹಸಿರಾಯಿತು. ವಿಷವಿದ್ದರೆ ಹಸಿರು, ಇಲ್ಲದಿದ್ದರೆ ಹಳದಿಯಂತೆ. ಅವರು ನನ್ನ ಮುಖ ನೋಡಿದರು, ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ.

"ನನ್ನ ತೊಟ್ಟೀಲಿ ಈಗ ರೋಗ ಬಂದದೆ, ಇಲ್ಲಾಂದ್ರೆ ನನ್ನ ಸ್ಪಂಜೇ ಕೊಡ್ತಿದ್ದೆ. ದಿನಾ ಕಾಲುಭಾಗ ನೀರು ತೆಗೆದು ಹೊಸಾದು ಹಾಕಿ. ಹೊಸ ಜಿಡ್ಡು ಕೂರೋವರೆಗೂ. ತಿಂಗಳಾಗ್ತದೆ, ಹೆಚ್ಚೂ ಆಗ್ತದೆ."

ಅಂದಿನಿಂದ ಶುರುವಾಯಿತು ಚಾಕರಿ. ಬಕೆಟ್ಟಿನಲ್ಲಿ ನೀರು ಹಿಡಿದು, ಉಪ್ಪು ಕದಡಿ, ತಿಳಿಯಾಗುವವರೆಗೆ ಕಾದು, ಹಳೆಯದನ್ನು ಹೊರಗೆ ಹೊತ್ತು, ಹೊಸದನ್ನು ಒಳಗೆ ಹೊರುವುದು. ನಾನು ಹೊರುತ್ತಿದ್ದೆ, ಭವಾನಮ್ಮ ಕದಡುತ್ತಿದ್ದರು. ಮೂರನೆಯ ದಿನಕ್ಕೇ ಸೊಂಟ ಹಿಡಿದುಕೊಂಡಿತು. ಆರನೆಯ ದಿನ ಬೆಳಿಗ್ಗೆ ಸಣ್ಣ ಮೀನು ಮಗ್ಗುಲಾಗಿ ತೇಲುತ್ತಿತ್ತು. ಕಿತ್ತಳೆ ಬಣ್ಣ, ಬಿಳಿ ಪಟ್ಟೆ, ಹಾಗೇ ಇದ್ದವು. ಭವಾನಮ್ಮ ಅದನ್ನು ಅಂಗೈಯಲ್ಲಿ ತೆಗೆದುಕೊಂಡು ಹೋಗಿ ದಾಸವಾಳದ ಬುಡದಲ್ಲಿ ಹೂತರು.

"ಇದ್ದಕ್ಕಿದ್ದ ಹಾಗೆ ಏನಾಯ್ತತ್ತೆ?" ಎಂದಳು ವಾರಿಜ. ಅವಳ ಕಣ್ಣು ಕೆಂಪಾಗಿತ್ತು.

"ವಯಸ್ಸಾಗಿತ್ತು ಕಣೆ," ಎಂದರು ಭವಾನಮ್ಮ. ನನ್ನ ಕಡೆ ನೋಡಲಿಲ್ಲ.

ಅವಳು ಕೆಲಸಕ್ಕೆ ಹೋದ ಮೇಲೆ ನಾನು ತುಂಬಿದ ಬಕೆಟ್ಟನ್ನು ನೆಲಕ್ಕಿಟ್ಟೆ. ಮುಚ್ಚಿಟ್ಟು ನನಗೆ ಸಾಕಾಗಿತ್ತು.

"ವಯಸ್ಸಲ್ಲ ಅಮ್ಮ. ನಾನೇ ಕೊಂದಿದ್ದು. ಸಾಹೇಬ್ರು ಬೇಡ ಅಂದಿದ್ರು, ಬೇಕಂತಲೇ ಎಲ್ಲ ತೊಳೆದು ಹಾಕ್ದೆ."

ಅವರು ಉಪ್ಪು ಕದಡುವುದನ್ನು ನಿಲ್ಲಿಸಲಿಲ್ಲ. "ಗೊತ್ತು. ಹಿತ್ತಲೆಲ್ಲ ಬ್ಲೀಚಿಂಗ್ ನಾತ ಹೊಡೀತಿತ್ತು. ಕಸದ ತೊಟ್ಟಿಗೂ ಹೋಗಿ ನೋಡ್ದೆ, ಗಾಡಿ ಬಂದು ಹೋಗಿತ್ತು."

"ಮತ್ತೆ ಬೈಲಿಲ್ಲ ಯಾಕೆ?"

ಬಕೆಟ್ಟಿನ ತಳದ ಉಪ್ಪನ್ನು ಕೋಲಿನಿಂದ ಕೆದಕಿದರು. ಆಮೇಲೆ ಅವರು ಹೇಳಿದರು. "ದಿವಾಕರ ತೊಟ್ಟಿ ತಂದ ಮೊದಲನೇ ವರ್ಷ ಸೋಪಿನ ಪುಡಿ ಹಾಕಿ ತೊಳೆದಿದ್ದ. ಸ್ಪಂಜು, ಕಲ್ಲು, ಎಲ್ಲಾನೂ. ಫಳಫಳ ಅಂತಿತ್ತು. ಹನ್ನೊಂದು ಮೀನು ಹೋದ್ವು, ಒಂದೇ ವಾರದಲ್ಲಿ. ಆಗ ನಾನು ಬೈದೆ. ಮೂರು ದಿನ ಅನ್ನ ಮುಟ್ಟಲಿಲ್ಲ ಅವನು." ಕೋಲು ನಿಂತಿತು. "ನಿಮಗೆ ಒಂದೇ ಹೋಗಿದೆ. ಬಕೆಟ್ ಎತ್ತಿ."

ದಿವಾಕರ ತಪ್ಪು ಮಾಡಿದ ಸುದ್ದಿಯನ್ನು ನಾನು ಆ ಮನೆಯಲ್ಲಿ ಕೇಳಿದ್ದು ಅದೇ ಮೊದಲು. ಖುಷಿಯಾಗಬೇಕಿತ್ತು. ಆದರೆ ಉಪವಾಸ ಕೂತ ಆ ಹುಡುಗನೇ ಕಣ್ಣಮುಂದೆ ಬಂದ. ಬಕೆಟ್ ಎತ್ತಿದೆ.

ನಲವತ್ತು ದಿನಕ್ಕೂ ಮೇಲೆ ಹೊತ್ತೆವು. ದೊಡ್ಡ ಮೀನು ಮೇಲೆ ಬರುವುದನ್ನು ನಿಧಾನವಾಗಿ ಬಿಟ್ಟಿತು, ತಿನಿಸಿಗೆ ಬಾಯಿ ಹಾಕಿತು. ಒಂದು ಸಂಜೆ ಸಾಹೇಬರ ಸೀಸೆಯ ನೀರು ಹಸಿರಾಗದೆ ಹಳದಿಯಾಗಿಯೇ ಉಳಿಯಿತು. ಮನೆಗೆ ಬಂದು ಡಬ್ಬಿ ಬಿಚ್ಚಿದೆ. ಭವಾನಮ್ಮ ಪಕ್ಕದಲ್ಲಿ ನೆಲಕ್ಕೆ ಕೂತು ಒಳಗೆ ಕೈ ಹಾಕಿದರು. ಡಬ್ಬಿಯ ಜೊತೆ ಬಂದಿದ್ದ ಹೊಸ ಸ್ಪಂಜಿನ ಮೇಲೆ ತೆಳುವಾಗಿ ಕಂದು ಪದರ ಕೂತಿತ್ತು. ಅದನ್ನು ಬೆರಳಲ್ಲಿ ಸವರಿ, ನನ್ನ ಕೈಯನ್ನೂ ಎಳೆದು ಅದರ ಮೇಲಿಟ್ಟರು.

"ಕೂತಿದೆ ನೋಡು. ಇನ್ನು ಇದನ್ನ ಯಾರಿಗೂ ತೊಳೆಯೋಕೆ ಬಿಡಬೇಡ. ನಾನು ತೊಳೀತೀನಿ ಅಂದ್ರೂ ಬಿಡಬೇಡ."

"ಸರಿ ಅಮ್ಮ."

ಡಬ್ಬಿ ಮುಚ್ಚಿ ಕಪಾಟಿಗೆ ತಳ್ಳಿ ನಾನು ಎದ್ದೆ. ಅವರಿಗೆ ಮಂಡಿ ಹಿಡಿದುಕೊಂಡಿತ್ತು. ಕೂತಲ್ಲಿಂದಲೇ ಕೈ ಚಾಚಿ, "ಎಬ್ಬಿಸು," ಎಂದರು. ಇಬ್ಬರ ಕೈಯೂ ಜಿಡ್ಡಾಗಿದ್ದರಿಂದ ಒಂದು ಸಲ ಜಾರಿತು. ಎರಡನೆಯ ಸಲ ಅವರು ನನ್ನ ಮಣಿಕಟ್ಟನ್ನೇ ಹಿಡಿದರು. ನಾನು ಕಾಲೂರಿ ನಿಂತು ನಿಧಾನವಾಗಿ ಎಳೆದೆ.