ಒಬ್ಬನೇ ಮಗನನ್ನು ಕಳಿಸುವುದಿಲ್ಲ

ಮಧ್ಯಾಹ್ನ ಮೂರೂ ನಲವತ್ತಕ್ಕೆ ಫೋನ್ ಬಂತು. ಸಾವುಲ್ ಲೊಂಗೋರಿಯಾನ ಸೇನಾದಳ ಜನವರಿಯಲ್ಲಿ ಇರಾಕಿಗೆ ಹೊರಡಲಿತ್ತು.

ಅದು 2006ರ ನವೆಂಬರ್. ಟೆಕ್ಸಸ್‌ನ ದಕ್ಷಿಣದ ತುದಿಯಲ್ಲಿ, ನದಿ ದಾಟಿದರೆ ಮೆಕ್ಸಿಕೊ ಎನ್ನುವಲ್ಲಿ, ಹಣ್ಣಿನ ಶೆಡ್ಡುಗಳಿಗೆ ಆ ವರ್ಷದ ಕೆಂಪು ಚಕ್ಕೋತ ಬರತೊಡಗಿತ್ತು. ಸಾವುಲನ ಅಪ್ಪ ಎವರಿಸ್ತೊ ಅಂಥದೊಂದು ಶೆಡ್ಡಿನಲ್ಲಿ ಪೆಟ್ಟಿಗೆ ಎತ್ತಿಡುವ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ಯಂತ್ರ ನಿಲ್ಲಿಸಿ, ಕೈಗವಸನ್ನು ಹಲ್ಲಿನಿಂದ ಕಳಚಿ ಫೋನ್ ಕಿವಿಗಿಟ್ಟುಕೊಂಡ.

“ಅಪ್ಪಾ, ಆರ್ಡರ್ ಬಂತು.”

“ಯಾರಿಗೆ?”

“ಯಾರಿಗೆ ಅಂದ್ರೆ? ನಮಗೆ. ಇಡೀ ದಳಕ್ಕೆ.”

“ದಳ ಹೋಗ್ಲಿ ಬಿಡು. ನೀನು ಒಬ್ಬನೇ ಮಗ ಅಂತ ಹೇಳಿದ್ಯಾ ಅವರಿಗೆ?”



“ಹೇಳ್ದೆ ಅಪ್ಪಾ. ಸಾರ್ಜೆಂಟ್ ನಕ್ಕುಬಿಟ್ರು. ಆಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಸಿ, ಯಾರ್ಯಾರು ಒಬ್ಬೊಬ್ಬರೇ ಮಕ್ಕಳು, ಕೈಯೆತ್ತಿ ಅಂದ್ರು. ಏಳು ಕೈ ಎದ್ವು. ಈಗ ನನ್ನ ಹೆಸರು ‘ಅಮ್ಮನ ಕಂದ’ ಅಂತ.”

“ಆ ಸಾರ್ಜೆಂಟಿಗೆ ಕಾನೂನು ಗೊತ್ತಿಲ್ಲ.”

“ಕರೀತಿದ್ದಾರೆ, ಹೋಗ್ಬೇಕು. ಅಮ್ಮಂಗೆ ನೀನೇ ಹೇಳು.”

ಪಕ್ಕದಲ್ಲಿ, ಹಣ್ಣು ಸಾಗಿಸುವ ಪಟ್ಟಿಯ ಮುಂದೆ ನಿಂತು ಆರಿಸುತ್ತಿದ್ದ ಚೆಮಾ ತಲೆಯೆತ್ತಿ ನೋಡಿದ. ಇಬ್ಬರೂ ಇಪ್ಪತ್ತು ವರ್ಷದಿಂದ ಅದೇ ಶೆಡ್ಡಿನಲ್ಲಿದ್ದವರು, ಒಂದೇ ಬೀದಿಯವರು.

“ಏನಂತೆ?”

“ಇರಾಕಂತೆ.”

“ಹೋಗೋ ಮಾರಾಯಾ. ಒಬ್ಬನೇ ಮಗನ್ನ ಎಲ್ಲಾದ್ರೂ ಕಳಿಸ್ತಾರಾ? ನಿಕಾನೋರ್ ಕವಾಸೋಸ್‌ನ ಕಳಿಸಿದ್ರಾ?”

ಆ ಬೀದಿಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ವಿಷಯ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಕವಾಸೋಸ್ ಮನೆಯ ಇಬ್ಬರು ಹುಡುಗರೂ ಸೇನೆಯಲ್ಲಿದ್ದರು. ದೊಡ್ಡವನು ಲಾಲೊ ಅಲ್ಲಿ ಸತ್ತ. ಚಿಕ್ಕವನು ನಿಕಾನೋರ್ ಕ್ಯಾಲಿಫೋರ್ನಿಯಾದಲ್ಲಿ ವಿಮಾನ ಹತ್ತಲು ಕಾಯುತ್ತಿದ್ದಾಗ ಅವನನ್ನು ಹಿಂದಕ್ಕೆ ಕಳಿಸಿದರು. ಹಸಿರು ಚೀಲ ಹೆಗಲಿಗೆ ಹಾಕಿಕೊಂಡು ಅವನು ಬಸ್ಸಿನಿಂದ ಇಳಿದು ಬಂದದ್ದನ್ನು ಕಂಡವರು ಇನ್ನೂ ಬದುಕಿದ್ದರು. ತಾಯಿಗೆ ಉಳಿದಿರುವವನು ಒಬ್ಬನೇ ಎಂದಾದರೆ ಸರ್ಕಾರ ಅವನನ್ನು ಮುಟ್ಟುವುದಿಲ್ಲ. ಬೀದಿ ಅದರಿಂದ ಕಲಿತ ಪಾಠ ಅದು. ಮೂವತ್ತೆಂಟು ವರ್ಷ ಅದನ್ನು ಯಾರೂ ಅಲ್ಲಗಳೆದಿರಲಿಲ್ಲ.

ಎವರಿಸ್ತೊ ಆ ಪಾಠವನ್ನು ನಂಬಿಯೇ ಹಿಂದಿನ ವರ್ಷ ಮಗನನ್ನು ಸೇನೆಗೆ ಸೇರಿಸುವ ಕಾಗದಕ್ಕೆ ಸಹಿ ಹಾಕಿದ್ದ. ಸಾವುಲನಿಗೆ ಆಗ ಹದಿನೇಳು. ಆ ವಯಸ್ಸಿಗೆ ಸೇರಬೇಕಾದರೆ ಅಪ್ಪ ಅಮ್ಮ ಇಬ್ಬರೂ ಒಪ್ಪಬೇಕು. ಕಾಲೇಜಿನ ಖರ್ಚು ಸೇನೆ ಕೊಡುತ್ತದೆ, ಲಾರಿ ಓಡಿಸುವ ಕೆಲಸ ಕಲಿಸುತ್ತದೆ, ಹುಡುಗ ಶೆಡ್ಡಿಗೆ ಬರುವುದು ತಪ್ಪುತ್ತದೆ. ಹೆಂಡತಿ ದೆಲ್ಫೀನಾ ಎರಡು ವಾರ ಪೆನ್ನು ಮುಟ್ಟಲಿಲ್ಲ. ಸೇನೆಗೆ ಸೇರಿಸುವ ಕಚೇರಿಯ ಸಾರ್ಜೆಂಟ್ ತ್ರೆವೀನ್ಯೊ ಮನೆಗೇ ಬಂದು, ಅಡುಗೆಮನೆಯ ಮೇಜಿನ ಮುಂದೆ ಕೂತು, ಅವಳು ಕೊಟ್ಟ ಕಾಫಿ ಕುಡಿದ. “ಇವನನ್ನ ಯುದ್ಧಕ್ಕೆ ಕಳಿಸ್ತೀರಾ?” ಎಂದು ಅವಳು ನೇರವಾಗಿ ಕೇಳಿದಳು.

“ಸುಳ್ಳು ಹೇಳಲ್ಲಮ್ಮಾ. ಯುದ್ಧ ನಡೀತಾ ಇದೆ. ಹೋಗ್ತಾನೆ ಅಂತಲೇ ಇಟ್ಕೊಳ್ಳಿ. ಯಾವಾಗ ಅನ್ನೋದಷ್ಟೇ ನನಗೂ ಗೊತ್ತಿಲ್ಲ.”

ಅವನು ಹೋದಮೇಲೆ ಎವರಿಸ್ತೊ ಹೆಂಡತಿಯ ಹತ್ತಿರ ಕುರ್ಚಿ ಎಳೆದುಕೊಂಡ. “ಅವನು ಹಾಗೇ ಹೇಳ್ಬೇಕು, ಅವನ ಕೆಲಸ ಅದು. ಸಾವುಲ್ ಒಬ್ಬನೇ ಮಗ ಅಂತ ಅವನಿಗೆ ಗೊತ್ತಿಲ್ಲ. ನಾನೂ ಬಾಯಿ ಬಿಡ್ಲಿಲ್ಲ. ಈಗಲೇ ಹೇಳಿದ್ರೆ ಸೇರಿಸ್ಕೊಳ್ಳೋದೇ ಇಲ್ಲ. ಸೇರ್ಲಿ. ಕಳಿಸೋ ಹೊತ್ತಿಗೆ ಹೇಳೋಣ.” ಕೈಯಲ್ಲಿ ತುರುಫು ಎಲೆ ಇಟ್ಟುಕೊಂಡವನ ಹಾಗೆ ಅವನು ಮಾತಾಡಿದ. ದೆಲ್ಫೀನಾ ಸಹಿ ಹಾಕಿದಳು.

ಫೋನ್ ಬಂದ ದಿನ ಎವರಿಸ್ತೊ ಅವಳಿಗೆ ಏನೂ ಹೇಳಲಿಲ್ಲ. ಶನಿವಾರ ಬೆಳಿಗ್ಗೆ ಸ್ನಾನ ಮಾಡಿ, ಚರ್ಚಿಗೆ ಹಾಕುವ ಅಂಗಿ ತೊಟ್ಟು, ಸೇನೆಯ ಕಚೇರಿಗೆ ಹೋದ. ಒಂದು ಬದಿಗೆ ಬಟ್ಟೆ ಒಗೆಯುವ ಅಂಗಡಿ, ಇನ್ನೊಂದು ಬದಿಗೆ ಮೊಬೈಲ್ ಅಂಗಡಿ, ನಡುವೆ ಈ ಕಚೇರಿ. ತ್ರೆವೀನ್ಯೊ ಎದ್ದು ನಿಂತು ಕೈಕುಲುಕಿ, ಹಿರಿಯರಿಗೆ ಹೇಳುವ ‘ದೋನ್’ ಸೇರಿಸಿ ಮಾತಾಡಿಸಿದ.

“ಬನ್ನಿ ದೋನ್ ಎವರಿಸ್ತೊ. ಹೇಗಿದ್ದಾನೆ ನಮ್ಮ ಡ್ರೈವರ್?”

“ಆರ್ಡರ್ ಬಂದಿದೆ. ತಪ್ಪಾಗಿ ಬಂದಿದೆ. ಅವನು ನಮಗೆ ಒಬ್ಬನೇ ಮಗ.”

ತ್ರೆವೀನ್ಯೊನ ಮುಖದಲ್ಲಿ ನಗು ಮೂಡಲಿಲ್ಲ. ಕೂತುಕೊಳ್ಳಿ ಎಂದು ಕುರ್ಚಿ ತೋರಿಸಿದ. ಈ ಮಾತು ಅವನು ಕೇಳಿದ್ದು ಇದೇ ಮೊದಲಲ್ಲ ಎಂಬುದು ಎವರಿಸ್ತೊನಿಗೆ ಅಲ್ಲೇ ಗೊತ್ತಾಯಿತು.

“ಒಬ್ಬನೇ ಮಗ ಆದ್ರೆ ಬಿಡಬೇಕು ಅನ್ನೋ ನಿಯಮ ಇಲ್ಲ. ಇರೋದು ಬೇರೆ. ಅಪ್ಪನೋ ಅಮ್ಮನೋ ಅಣ್ಣನೋ ತಂಗಿಯೋ ಸೇನೆಯ ಕೆಲಸದಲ್ಲಿ ಸತ್ತಿದ್ರೆ, ಉಳಿದೋನು ಒಬ್ಬನೇ ಆಗಿದ್ರೆ, ಅವನು ಕೇಳ್ಕೊಂಡ್ರೆ, ಯುದ್ಧದ ಜಾಗಕ್ಕೆ ಕಳಿಸಲ್ಲ. ಉಳಿದೋನು ಅಂತ. ಹುಟ್ಟಿದ್ದೇ ಒಬ್ಬ ಅಂತಲ್ಲ.”

“ಕವಾಸೋಸ್‌ನ ಬಿಟ್ರಲ್ಲ?”

“ಅವರ ಅಣ್ಣ ಯುದ್ಧದಲ್ಲಿ ತೀರಿಹೋಗಿದ್ರಲ್ಲ ಸಾರ್.”

ಪಕ್ಕದ ಅಂಗಡಿಯ ಯಂತ್ರಗಳ ಗುರುಗುಟ್ಟುವಿಕೆ ಗೋಡೆಯಾಚೆಯಿಂದ ಕೇಳುತ್ತಿತ್ತು. ಎವರಿಸ್ತೊ ಮೊಣಕಾಲಿನ ಮೇಲಿದ್ದ ಟೋಪಿಯನ್ನು ಒಂದು ಸುತ್ತು ತಿರುಗಿಸಿದ.

“ಇವನಿಗೂ ಅಣ್ಣ ಇದ್ದ,” ಎಂದ. “ತೀರಿಕೊಂಡ.”

ತ್ರೆವೀನ್ಯೊ ಪೆನ್ನು ಕೈಗೆತ್ತಿಕೊಂಡು ಮುಂದಕ್ಕೆ ಬಾಗಿದ. “ನೀವು ಹೇಳ್ಲೇ ಇಲ್ಲವಲ್ಲ. ಯಾವ ದಳ? ಯಾವಾಗ?”

“ದಳ ಅಲ್ಲ. ಆಸ್ಪತ್ರೇಲಿ. ಹತ್ತೊಂಬತ್ತು ದಿನದ ಕೂಸು.”

ಸಾರ್ಜೆಂಟ್ ಪೆನ್ನು ಕೆಳಗಿಟ್ಟ. ಆಮೇಲೆ ತ್ರೆವೀನ್ಯೊ ತಾನೇ ಎದ್ದು ಬಾಗಿಲು ತೆರೆದು, ಕಾರಿನವರೆಗೂ ಜೊತೆಗೆ ಬಂದ.

ನಿಕಾನೋರ್ ಕವಾಸೋಸ್‌ನ ಕ್ಷೌರದಂಗಡಿ ದಾರಿಯಲ್ಲೇ ಇತ್ತು. ಗಿರಾಕಿಗಳಿರಲಿಲ್ಲ. ಐವತ್ತೆಂಟರ ನಿಕಾನೋರ್ ತಾನೇ ಗಿರಾಕಿಯ ಕುರ್ಚಿಯಲ್ಲಿ ಕೂತು ರೇಡಿಯೊ ಕೇಳುತ್ತಿದ್ದ.

“ಬಾ ಎವರಿಸ್ತೊ. ಕತ್ತರಿಸೋಕೆ ಏನು ಉಳಿದಿದೆ ನಿನ್ನ ತಲೇಲಿ?”

“ನಿಮ್ಮನ್ನ ಯಾಕೆ ವಾಪಸ್ ಕಳಿಸಿದ್ರು, ದೋನ್ ನಿಕಾನೋರ್?”

ನಿಕಾನೋರ್ ಕೈಚಾಚಿ ರೇಡಿಯೊ ಆರಿಸಿದ.

“ಲಾಲೊ ಸತ್ತ ಅಂತ. ಇನ್ಯಾಕೆ?”

“ನಿಮ್ಮಮ್ಮನಿಗೆ ಉಳಿದಿದ್ದು ನೀವೊಬ್ಬರೇ ಅಂತ ಅಲ್ವಾ?”

“ಅದಕ್ಕೆ ಬೆಲೆ ಮೊದಲೇ ಕೊಟ್ಟಾಗಿತ್ತು. ಕ್ಯಾಪ್ಟನ್ ಕರೆದು ಹೇಳಿದ, ನಿಮ್ಮ ಮನೆಯಿಂದ ಒಬ್ಬ ಸಾಕು, ನೀನು ಮನೆಗೆ ಹೋಗು ಅಂತ. ಅದೇ ಮಾತು. ನಿಮ್ಮ ಮನೆಯಿಂದ ಒಬ್ಬ ಸಾಕು.” ಅವನು ಕುರ್ಚಿಯಿಂದ ಇಳಿದು, ಕೂತ ಜಾಗವನ್ನು ಅಭ್ಯಾಸದಂತೆ ಬಟ್ಟೆಯಿಂದ ಝಾಡಿಸಿದ. “ನಾನು ಬಸ್ಸಿಳಿದದ್ದು ಇಡೀ ಬೀದಿಗೆ ನೆನಪಿದೆ. ಈ ಬೀದಿಯ ಹೆಂಗಸರು ನಮ್ಮಮ್ಮನಿಗೆ ‘ಪುಣ್ಯವಂತೆ’ ಅಂದ್ರು. ಪುಣ್ಯವಂತೆ! ಅವಳು ಅವತ್ತಿಂದ ನನ್ನ ಮುಖ ನೋಡ್ದಾಗೆಲ್ಲ ಲಾಲೊನ ಲೆಕ್ಕ ಹಾಕ್ತಿದ್ಲು.”

“ಸಾವುಲ್ ತರಬೇತಿಗೆ ಹೊರಡೋ ಹಿಂದಿನ ದಿನ ಅವನ ಕೂದಲು ಕತ್ತರಿಸಿದ್ದು ನೀವೇ.”

“ನಾನೇ.”

“ಒಂದು ಮಾತು ಹೇಳ್ಬಾರ್ದಿತ್ತಾ?”

“ಕೇಳ್ದೆ ಅವನನ್ನ. ಯುದ್ಧ ಇದೆ, ಗೊತ್ತಲ್ವಾ ಅಂತ. ‘ಅಪ್ಪ ಎಲ್ಲಾ ವಿಚಾರಿಸಿದ್ದಾರೆ’ ಅಂದ. ಎಷ್ಟು ಧೈರ್ಯವಾಗಿ ಅಂದ ಅಂದ್ರೆ, ನೀನು ಯಾರೋ ದೊಡ್ಡವರನ್ನ ಹಿಡಿದಿದ್ದೀಯ ಅಂದ್ಕೊಂಡೆ. ನೀನು ನನ್ನನ್ನೇ ಕೇಳಿಲ್ಲ, ಎವರಿಸ್ತೊ. ದಿನಾ ಈ ಬಾಗಿಲ ಮುಂದೇನೇ ಓಡಾಡ್ತೀಯ.”

ಕೇಳಬೇಕೆಂದು ಎವರಿಸ್ತೊನಿಗೆ ಅನಿಸಿರಲೇ ಇಲ್ಲ. ಕಣ್ಣಾರೆ ಕಂಡಿದ್ದಕ್ಕೆ ಪುರಾವೆ ಯಾರು ಕೇಳುತ್ತಾರೆ?

ಮನೆಯಲ್ಲಿ ದೆಲ್ಫೀನಾ ಒಣ ಬೀನ್ಸ್ ಕಾಳು ಆರಿಸುತ್ತಾ ಕೂತಿದ್ದಳು. ಎವರಿಸ್ತೊ ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಜನವರಿ ಎಂದ. ನಿಯಮ ಎಂದ. ಸಾರ್ಜೆಂಟಿಗೆ ತಾನು ಕೂಸಿನ ವಿಷಯ ಹೇಳಿದ್ದನ್ನೂ ಮುಚ್ಚಿಡಲಿಲ್ಲ.

ಅವಳ ಕೈ ನಿಂತದ್ದು ಆ ಮಾತಿಗೆ.

“ಅವನನ್ನೂ ತಗೊಂಡು ಹೋದ್ಯಾ ಅಲ್ಲಿಗೆ?”

“ಏನಾದ್ರೂ ಆಗತ್ತೇನೋ ಅಂತ...”

“ಹತ್ತೊಂಬತ್ತು ದಿನ ಇದ್ದ. ಅವನ ಹೆಸರು ಹೇಳಿದ್ಯಾ ಆ ಮನುಷ್ಯನಿಗೆ?”

“ಇಲ್ಲ.”

“ಪುಣ್ಯ.” ಅವಳು ಮತ್ತೆ ಬೀನ್ಸಿಗೆ ಕೈಹಾಕಿ ಒಂದು ಕಲ್ಲು ಹುಡುಕಿ ತೆಗೆದು ಪಕ್ಕಕ್ಕಿಟ್ಟಳು. ಜಗಳ ಅಷ್ಟಕ್ಕೇ ಮುಗಿಯಿತು. ಜೋರಾಗಿ ಜಗಳವಾಡಿದ್ದರೆ ಚೆನ್ನಾಗಿತ್ತು ಎಂದು ಎವರಿಸ್ತೊನಿಗೆ ಆಮೇಲೆ ಎಷ್ಟೋ ದಿನ ಅನಿಸಿತು.

ಕ್ರಿಸ್ಮಸ್‌ಗೆ ಸಾವುಲ್ ರಜೆಯ ಮೇಲೆ ಬಂದ. ಭುಜ ಅಗಲವಾಗಿತ್ತು, ಊಟದ ವೇಗ ಹೆಚ್ಚಿತ್ತು. ಅಮ್ಮನ ಜೊತೆ ಕೂತು ಮೆಕ್ಕೆಜೋಳದ ಸಿಪ್ಪೆಗೆ ಹಿಟ್ಟು ಬಳಿದು ಹಬ್ಬದ ತಿಂಡಿ ತಮಾಲೆ ಕಟ್ಟಿದ. ತನ್ನ ಲಾರಿಯ ವಿಷಯ ಹೇಳಿದ. ಬಾಗಿಲಿಗೆಲ್ಲ ಈಗ ಉಕ್ಕಿನ ತಗಡು ಹೊಡೆದಿದ್ದಾರೆ, ಗಾಜು ಇಟ್ಟಿಗೆಯಷ್ಟು ದಪ್ಪ, ಒಳಗೆ ಕೂತರೆ ಚಿಕ್ಕಮ್ಮನ ಹಳೇ ಫ್ರಿಜ್ಜಿನಲ್ಲಿ ಕೂತ ಹಾಗೆ ಎಂದ. ದೆಲ್ಫೀನಾ ನಕ್ಕಳು. ಲಾರಿಗೆ ಉಕ್ಕು ಯಾಕೆ ಹೊಡೆಯುತ್ತಾರೆ ಎಂದು ಅವಳು ಕೇಳಲಿಲ್ಲ.

ಹೊರಡುವ ಹಿಂದಿನ ಸಂಜೆ ಅಂಗಳದಲ್ಲಿ ಮಾಂಸ ಸುಡುವ ಒಲೆಯ ಮುಂದೆ ಅಪ್ಪ ಮಗ ಇಬ್ಬರೇ ಇದ್ದರು.

“ಅಪ್ಪಾ, ಒಂದು ವಿಷಯ. ನಂಗೇನಾದ್ರೂ ಆದ್ರೆ ಯಾರಿಗೆ ಹೇಳ್ಬೇಕು ಅಂತ ಕೇಳ್ತಾರೆ. ಅಮ್ಮನಿಗೆ ನೇರವಾಗಿ ಹೇಳ್ಬೇಡಿ, ಅಪ್ಪನಿಗೆ ಹೇಳಿ ಅಂತ ಬರೆಸಿದ್ದೀನಿ. ಅಮ್ಮನ ಬಿ.ಪಿ. ಇದೆಯಲ್ಲ, ಅದಕ್ಕೆ ಅವಕಾಶ ಇದೆ. ಅಂಥ ಸುದ್ದಿ ಹೇಳೋಕೆ ಇಸ್ತ್ರಿ ಮಾಡಿದ ಯೂನಿಫಾರ್ಮಲ್ಲಿ ಇಬ್ಬರು ಬರ್ತಾರೆ, ಮನೆಗಲ್ಲ, ಶೆಡ್ಡಿಗೆ.”

ಎವರಿಸ್ತೊ ಮಾಂಸ ಮಗುಚಿದ. “ನಾನು ಸರಿಯಾಗಿ ಕೇಳ್ಬೇಕಿತ್ತು ಮಗಾ.”

“ಕೇಳಿದ್ರೂ ನಾನು ಸೇರ್ತಿದ್ದೆ.”

“ಸೇರ್ತಿರ್ಲಿಲ್ಲ. ಹದಿನೇಳಿತ್ತು ನಿಂಗೆ. ನಮ್ಮ ಸಹಿ ಬೇಕಿತ್ತು.”

“ಹದಿನೆಂಟಾದ ದಿನ ಸೇರ್ತಿದ್ದೆ,” ಎಂದ ಸಾವುಲ್. ಅದು ನಿಜವೋ, ಅಪ್ಪನ ಮೇಲಿನ ಕರುಣೆಯೋ, ಎವರಿಸ್ತೊನಿಗೆ ಗೊತ್ತಾಗಲಿಲ್ಲ. ಸಾವುಲ್ ತಟ್ಟೆ ಹಿಡಿದು ನಿಂತಿದ್ದ. “ಹನ್ನೆರಡು ತಿಂಗಳು ಅಪ್ಪಾ. ಮುಂದಿನ ಕ್ರಿಸ್ಮಸ್ ತಪ್ಪತ್ತೆ, ಆಮೇಲೆ ಬಂದುಬಿಡ್ತೀನಿ.”

ಜನವರಿಯ ಎರಡನೇ ವಾರ ದಳ ಹೊರಟಿತು. ದೆಲ್ಫೀನಾ ಸಮವಸ್ತ್ರದಲ್ಲಿದ್ದ ಮಗನ ಫೋಟೊ ಒಯ್ದು ಸಾನ್ ಹುವಾನ್ ಚರ್ಚಿನಲ್ಲಿ ಮಾತೆಯ ಹತ್ತಿರದ ಗೋಡೆಗೆ ಚುಚ್ಚಿ ಬಂದಳು. ಅಲ್ಲಿ ಬೇರೆ ಸೈನಿಕರ ಫೋಟೊಗಳ ನಡುವೆ ಜಾಗ ಹುಡುಕುವುದೇ ಕಷ್ಟವಾಯಿತು ಎಂದಳು. ಗಂಡನ ಜೊತೆ ಆ ವಾರ ಅವಳು ಆಡಿದ ಅತಿ ಉದ್ದದ ಮಾತು ಅದೇ.

ಶೆಡ್ಡಿನಲ್ಲಿ ಎವರಿಸ್ತೊ ಹೊಸಬರು ಯಾರೇ ಒಳಗೆ ಬಂದರೂ ಬಾಗಿಲ ಕಡೆ ನೋಡತೊಡಗಿದ. ಒಂದು ದಿನ ಹಣ್ಣು ಪರೀಕ್ಷಿಸುವ ಅಧಿಕಾರಿಗಳಿಬ್ಬರು ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದರು. ಅವನು ಫೋರ್ಕ್‌ಲಿಫ್ಟನ್ನು ಪೆಟ್ಟಿಗೆಗಳ ಸಾಲಿಗೆ ಗುದ್ದಿಬಿಟ್ಟ. ಚಕ್ಕೋತಗಳು ನೆಲದ ತುಂಬ ಉರುಳಿದವು. ಚೆಮಾ ಬಗ್ಗಿ ಆರಿಸಿಕೊಡುತ್ತಲೇ ಮಾತು ತೆಗೆದ.

“ನಮ್ಮ ಹುಡುಗನೂ ಸೇರ್ತೀನಿ ಅಂತಿದ್ದಾನೆ.”

ಚೆಮಾನಿಗೂ ಇದ್ದವನು ಒಬ್ಬನೇ.

“ಬೇಡ,” ಎಂದ ಎವರಿಸ್ತೊ. ಸಾರ್ಜೆಂಟ್ ಹೇಳಿದ್ದನ್ನೂ, ನಿಕಾನೋರ್ ಹೇಳಿದ್ದನ್ನೂ ಒಂದಕ್ಷರ ಬಿಡದೆ ಹೇಳಿದ. ಸಹಿ ಹಾಕಿದರೆ ಕಳಿಸುತ್ತಾರೆ, ಖಂಡಿತ ಕಳಿಸುತ್ತಾರೆ, ಒಬ್ಬನೇ ಆದರೂ ಕಳಿಸುತ್ತಾರೆ ಎಂದ.

ಚೆಮಾ ಪೂರ್ತಿ ಕೇಳಿಸಿಕೊಂಡ. ಕೈಯಲ್ಲಿದ್ದ ಹಣ್ಣನ್ನು ಅಂಗಿಗೆ ಒರೆಸಿದ.

“ನೀನು ಮಾಡಿದ ತಪ್ಪು ಏನು ಗೊತ್ತಾ? ನೀನು ಮುಚ್ಚಿಟ್ಟೆ. ಸೇರಿದ್ಮೇಲೆ ಹೇಳಿದ್ರೆ ಅವರಿಗೆ ಕೋಪ ಬರಲ್ವಾ? ನಾನು ಹಾಗೆ ಮಾಡಲ್ಲ. ಮೊದಲನೇ ದಿನವೇ ಹೇಳಿಬಿಡ್ತೀನಿ, ಇವನು ಒಬ್ಬನೇ ಅಂತ.”

“ಚೆಮಾ, ಅಂಥ ನಿಯಮವೇ ಇಲ್ಲ.”

“ನಿನಗೆ ಸಿಟ್ಟು ಇದೆ, ಅದಕ್ಕೆ ಹೀಗಂತೀಯ. ಇರ್ಲಿ ಬಿಡು. ನಾನಾಗಿದ್ರೂ ಹೀಗೇ ಅಂತಿದ್ದೆ.” ಅವನು ಎವರಿಸ್ತೊನ ಬೆನ್ನು ತಟ್ಟಿ ತನ್ನ ಪಟ್ಟಿಗೆ ಹೋದ.

ಫೆಬ್ರವರಿ ಕೊನೆಗೆ ಚೆಮಾ ಮತ್ತು ಅವನ ಹೆಂಡತಿ ಸಹಿ ಹಾಕಿದರು. ಇರಾಕಿನಲ್ಲಿರುವವರ ಅವಧಿಯನ್ನು ಹನ್ನೆರಡು ತಿಂಗಳಿಂದ ಹದಿನೈದಕ್ಕೆ ಏರಿಸಲಾಗಿದೆ ಎಂದು ಏಪ್ರಿಲ್‌ನಲ್ಲಿ ಸರ್ಕಾರ ಪ್ರಕಟಿಸಿತು. ಸಾವುಲ್ ಫೋನ್ ಮಾಡುವ ಮೊದಲೇ ದೆಲ್ಫೀನಾ ಅದನ್ನು ಟಿವಿಯಲ್ಲಿ ನೋಡಿದಳು. ಜೂನ್‌ನಲ್ಲಿ, ಶಾಲೆ ಮುಗಿದ ಮರುವಾರ, ನಿಕಾನೋರ್ ಚೆಮಾನ ಮಗನ ಕೂದಲು ಕತ್ತರಿಸಿದ. ಕತ್ತರಿಸುತ್ತಾ, ಈ ಸಲ ಯಾರೂ ಕೇಳದೆಯೇ, ಲಾಲೊನ ಕತೆಯನ್ನು ಮೊದಲಿನಿಂದ ಕೊನೆಯವರೆಗೂ ಹೇಳಿದ. ಹುಡುಗ ಕೇಳಿಸಿಕೊಂಡು, ಅಪ್ಪ ಎಲ್ಲಾ ವಿಚಾರಿಸಿದ್ದಾರೆ ಎಂದ. ಮರುದಿನ ಬೆಳಗಿನ ಬಸ್ಸಿಗೆ ತರಬೇತಿಗೆ ಹೊರಟ.