ಗುರುವಾರದ ತರಗತಿ

ಲಂಡನ್ನಿನ ನಮ್ಮ ಕುರ್ದಿ ಸಂಘದಲ್ಲಿ ಇಂಗ್ಲಿಷ್ ತರಗತಿಗಳ ವೇಳಾಪಟ್ಟಿ ಹಾಕುವ ತಲೆನೋವು ನನ್ನದು. ಒಂದೇ ಕಾರಿನಲ್ಲಿ ಬರಲಿ ಎಂದು ಹಮ್ದುಲ್ಲಾ ಕಾಕಾ ಅವರನ್ನೂ ಅವರ ಸೊಸೆ ಬೆರಿವಾನಳನ್ನೂ ಮಂಗಳವಾರಕ್ಕೆ ಹಾಕಿದ್ದೆ. ಪ್ರವೇಶ ಪರೀಕ್ಷೆಯಲ್ಲಿ ಪಟಪಟ ಮಾತಾಡಿದ್ದ ಬೆರಿವಾನ್ ತರಗತಿಯಲ್ಲಿ ತುಟಿ ಬಿಚ್ಚಲಿಲ್ಲ. ಒಂದು ತಿಂಗಳು ನೋಡಿ, ತಡೆಯಲಾರದೆ ಕೇಳಿಯೇಬಿಟ್ಟೆ.

"ಮಾವನ ಎದುರು ಹೆಂಗಕ್ಕಾ ಬಾಯಿ ಬಿಡ್ಲಿ?" ಎಂದು ಪಿಸುಗುಟ್ಟಿದಳು.

ನಮ್ಮ ಕಡೆ ಸೊಸೆಯ ದನಿ ಮಾವನ ಕಿವಿಗೆ ಬೀಳುವಂತಿಲ್ಲ. ನಾನೂ ಅದೇ ಮಣ್ಣಿನವಳು, ಮರೆತೇಬಿಟ್ಟಿದ್ದೆ. ಅವಳನ್ನು ಗುರುವಾರಕ್ಕೆ ಬದಲಾಯಿಸಿದೆ.

ಗುರುವಾರ ನೋಡಿದರೆ, ಸೊಸೆಯನ್ನು ಇಳಿಸಿ ಹೋಗಬೇಕಾದ ಕಾಕಾ ತರಗತಿಯ ಬಾಗಿಲಾಚೆ ಕುರ್ಚಿ ಹಾಕಿಕೊಂಡು ಕೂತಿದ್ದಾರೆ! ನನಗೆ ಮೈಯೆಲ್ಲ ಉರಿಯಿತು. ಒಳಗೆ ಬೆರಿವಾನ್ ಬಸ್ಸಿನ ದಾರಿ ಕೇಳುವ ಪಾಠವನ್ನು ಗಟ್ಟಿಯಾಗಿ ಒಪ್ಪಿಸುತ್ತ ನಗುತ್ತಿದ್ದಳು.

"ಏನ್ ಕಾಕಾ, ಸೊಸೆಗೆ ಕಾವಲಾ?"

"ಶ್! ಮೆತ್ತಗೆ ಮಾತಾಡು ತಾಯಿ. ಒಂಬತ್ತು ವರ್ಷದಿಂದ ಒಂದೇ ಮನೇಲಿದ್ದೀವಿ. ಇವಳ ದನಿ ಹಿಂಗಿದೆ ಅಂತ ಇವತ್ತೇ ಗೊತ್ತಾಗಿದ್ದು."

ಪಾಠ ಮುಗಿಯುವ ಸದ್ದಾದದ್ದೇ ತಡ, ಅವಳು ಹೊರಬರುವ ಮೊದಲೇ ಎದ್ದು ಕಾರಿನತ್ತ ನಡೆದರು. ಅರ್ಧ ದಾರಿಯಲ್ಲಿ ನಿಂತು, ನನ್ನತ್ತ ತಿರುಗಿ ಕೇಳಿದರು:

"ಗುರುವಾರದ್ದು ಇನ್ನರ್ಧ ಗಂಟೆ ಜಾಸ್ತಿ ಮಾಡೋಕಾಗಲ್ವಾ?"