ಹುಂಜವಾದ ಹೇಂಟೆ

ಕೆರಾಡಿಯ ಮಂಜಯ್ಯನ ಹೇಂಟೆ ಮೊಟ್ಟೆ ಇಡುವುದು ಬಿಟ್ಟು, ಜುಟ್ಟು ಬೆಳೆಸಿಕೊಂಡು, ಹುಂಜದಂತೆ ಕೂಗತೊಡಗಿತು. ಕಾಲೇಜಿನಲ್ಲಿ ಜೀವಶಾಸ್ತ್ರ ಓದುತ್ತಿದ್ದ ಮಗಳು ಶ್ರಾವ್ಯ ಹೇಳಿದಳು: "ಅಪ್ಪಯ್ಯ, ಹೇಂಟೆಮರಿ ಮೊಟ್ಟೆಯೊಳ್ಗೆ ಇಪ್ಪತಿಗೇ ಎಡಬದಿ ಅಂಡಾಶಯ ಬೆಳಿತ್ತ್, ಬಲಬದಿದ್ ಬೆಳೀದೆ ಮನ್ಕಂತ್. ಇದ್ರ ಎಡದ್ದ್ ಹಾಳಾಯ್ ಬಲದ್ದ್ ಎದ್ದ್ ಗಂಡಿನ ಹಾರ್ಮೋನ್ ಬಿಡ್ತಾ ಇತ್ತ್. ಹೊರ್ಗೆ ಹುಂಜ ಆರೂ ಒಳ್ಗೆ ಹೇಂಟೆಯೇ."

ಯಾರು ಕೇಳಬೇಕು! ಮಂಜಯ್ಯ ಅದನ್ನು ಹುಂಜಗಳನ್ನು ಕಾದಾಡಿಸುವ ಕೋಳಿ ಅಂಕಕ್ಕೆ ಒಯ್ದೇಬಿಟ್ಟ.

ಎದುರಾಳಿ ಹುಂಜ ಕಾಲಿಗೆ ಕಟ್ಟಿದ ಕತ್ತಿಯನ್ನೂ ಮರೆತು, ಒಂದು ರೆಕ್ಕೆ ಇಳಿಬಿಟ್ಟು, ಇದು ಕುಕ್ಕಿದರೂ ಬಿಡದೆ, ಹೇಂಟೆಯನ್ನು ಒಲಿಸುವಂತೆ ಇದರ ಸುತ್ತ ಕುಣಿಯಿತು. ಕಾದಾಡದ ಕೋಳಿ ಸೋತ ಲೆಕ್ಕ. ಸೋತ ಕೋಳಿ ಗೆದ್ದವನಿಗೆ.

ಎರಡು ಕಂಕುಳಲ್ಲೂ ಒಂದೊಂದು ಕೋಳಿ ಹಿಡಿದು ಬೀಗುತ್ತ ಬಂದ ಮಂಜಯ್ಯನನ್ನು ಹೆಂಡತಿ ಕುಸುಮಾವತಿ ಬಾಗಿಲಲ್ಲೇ ಕೇಳಿದಳು: "ಹ್ವಾಯ್, ಅಂಕಕ್ಕೆ ಹೋದ್ದಾ, ಹೆಣ್ಣ್-ಗಂಡಿಗೆ ಮದಿ ಮಾಡ್ಸುಕೆ ಹೋದ್ದಾ?"